ಪ್ರತಿ ಹೊಸ ಕಿವಿಗೂ ಮೊದಲಿಂದ ಹೇಳಬೇಕು: ಅವಿಯಾಂಕಾ 52ರ ಕಥೆ

 

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ ಅನುಭವ ಎಲ್ರಿಗೂ ಇದ್ದೇ ಇರುತ್ತೆ. ಮೊದಲು ಫೋನ್ ಎತ್ತಿದವರಿಗೆ ಕಥೆ ಪೂರ್ತಿ ಹೇಳ್ತೀರಿ. 'ಲೈನ್‌ನಲ್ಲೇ ಇರಿ ಸರ್, ಸಂಬಂಧಪಟ್ಟ ವಿಭಾಗಕ್ಕೆ ಕನೆಕ್ಟ್ ಮಾಡ್ತೀನಿ' ಅಂತಾರೆ. ಸ್ವಲ್ಪ ಹೊತ್ತು ಮ್ಯೂಸಿಕ್. ಆಮೇಲೆ ಬೇರೆ ದನಿ: 'ಹೇಳಿ ಸರ್, ನಿಮ್ಮ ಸಮಸ್ಯೆ ಏನು?' ಮತ್ತೆ ಮೊದಲಿಂದ. ಮೂರನೆಯವರ ಹತ್ರ ಬರೋ ಹೊತ್ತಿಗೆ ನಮಗೇ ಸುಸ್ತಾಗಿ ಕಥೆ ಚಿಕ್ಕದಾಗಿರುತ್ತೆ. ಆಗಲೇ ಹೇಳಿದ್ದೀನಲ್ಲ, ಅವರವರೇ ಮಾತಾಡ್ಕೊಂಡಿರ್ತಾರೆ ಅಂತ ನಂಬಿ ಮುಖ್ಯವಾದ ಒಂದು ಮಾತನ್ನೇ ಬಿಟ್ಟಿರ್ತೀವಿ.

ಇವತ್ತಿನ ಕಥೆಯೂ ಇದೇ. ಆದ್ರೆ ಇದು ನಡೆದದ್ದು ಆಕಾಶದಲ್ಲಿ, 1990ರ ಜನವರಿ 25ರ ರಾತ್ರಿ, ನ್ಯೂಯಾರ್ಕ್ ಹತ್ರ. ವಿಮಾನದಲ್ಲಿ 158 ಜನ ಇದ್ರು.

ಅಲ್ಲಿಗೆ ಹೋಗೋ ಮುಂಚೆ ವಿಮಾನದ ರೇಡಿಯೋ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ತಿಳ್ಕೊಳ್ಳೋಣ. ವಿಮಾನ ಹೊರಟಲ್ಲಿಂದ ಇಳಿಯೋವರೆಗೆ ಒಬ್ಬನೇ ಕಂಟ್ರೋಲರ್ ನೋಡ್ಕೊಳ್ತಾನೆ ಅಂತ ತುಂಬ ಜನ ಅಂದ್ಕೊಂಡಿರ್ತಾರೆ. ಹಾಗಲ್ಲ. ಹೊಲಕ್ಕೆ ಬದು ಹಾಕಿದ ಹಾಗೆ ಆಕಾಶವನ್ನೂ ತುಂಡು ತುಂಡು ಮಾಡಿ ಹಂಚಿರ್ತಾರೆ. ಎತ್ತರದಲ್ಲಿ ದೂರ ಹೋಗ್ತಿರುವಾಗ ಒಬ್ಬರು, ಊರು ಹತ್ರ ಬಂದಾಗ 'ಅಪ್ರೋಚ್' ಅಂತ ಇನ್ನೊಬ್ಬರು, ರನ್‌ವೇ ಎದುರಿಗೆ ಬಂದಾಗ 'ಟವರ್', ನೆಲಕ್ಕಿಳಿದ ಮೇಲೆ 'ಗ್ರೌಂಡ್'. ಒಂದು ಬದು ದಾಟಿದಾಗೆಲ್ಲ ಪೈಲಟ್ ರೇಡಿಯೋದ ಫ್ರೀಕ್ವೆನ್ಸಿ ಬದಲಿಸಬೇಕು. ಆ ಕಡೆ ಹೊಸ ಮನುಷ್ಯ, ಹೊಸ ಕಿವಿ.

ಇನ್ನೊಂದು ವಿಷಯ. ಒಂದು ಫ್ರೀಕ್ವೆನ್ಸಿಯಲ್ಲಿ ಹತ್ತಾರು ವಿಮಾನ ಇರಬಹುದು, ಆದ್ರೆ ಒಂದು ಸಲಕ್ಕೆ ಮಾತಾಡೋದು ಒಬ್ಬರೇ. ಇಬ್ಬರು ಒಟ್ಟಿಗೆ ಬಟನ್ ಒತ್ತಿದ್ರೆ ಕೀಂ ಅನ್ನೋ ಸದ್ದು ಬರುತ್ತೆ, ಯಾರ ಮಾತೂ ಕೇಳಲ್ಲ. ಹಾಗಾಗಿ ಹರಟೆಗೆ ಜಾಗ ಇಲ್ಲ. ಹೊಸ ಕಂಟ್ರೋಲರ್ ಜೊತೆ ಮೊದಲ ಸಲ ಮಾತಾಡುವಾಗ ಏನು ಹೇಳಬೇಕು, ಯಾವ ಕ್ರಮದಲ್ಲಿ ಹೇಳಬೇಕು ಅಂತ ಗೊತ್ತಾದ ಪದ್ಧತಿ ಇದೆ: ಯಾರನ್ನ ಕರೀತಿದ್ದೀನಿ, ನಾನು ಯಾರು, ಎಲ್ಲಿದ್ದೀನಿ, ಏನು ಬೇಕು.

ಮೈಸೂರಿನ ಕಡೆ ಬರ್ತಿರೋ ಚಿಕ್ಕ ತರಬೇತಿ ವಿಮಾನ ಒಂದಿದೆ ಅಂತಿಟ್ಕೊಳ್ಳಿ. ಪೈಲಟ್ 'ಮೈಸೂರು ಟವರ್' ಅಂತ ಶುರು ಮಾಡ್ತಾರೆ. ಹೆಸರು ಕೇಳಿದ ತಕ್ಷಣ ಟವರ್‌ನಲ್ಲಿ ಕೂತವರ ಕಿವಿ ನೆಟ್ಟಗಾಗುತ್ತೆ. ಆಮೇಲೆ ತನ್ನ ಪೂರ್ತಿ ಹೆಸರು: 'ವಿಕ್ಟರ್ ಟ್ಯಾಂಗೋ ಆಲ್ಫಾ ಬ್ರಾವೋ ಚಾರ್ಲಿ'. ಆಮೇಲೆ ಎಲ್ಲಿ, ಎಷ್ಟು ಎತ್ತರ. ಕೊನೆಗೆ 'ಇಳಿಯೋಕೆ ಬರ್ತಿದ್ದೀನಿ'. ಇದರಲ್ಲಿ ನನಗೆ ಇಷ್ಟವಾದ ಒಂದು ನಿಯಮ ಇದೆ. ಮೊದಲ ಕರೆಯಲ್ಲಿ ಹೆಸರನ್ನ ಮೊಟಕು ಮಾಡೋ ಹಾಗಿಲ್ಲ. ಟವರ್‌ನವರು ತಾವಾಗಿ 'ವಿಕ್ಟರ್ ಬ್ರಾವೋ ಚಾರ್ಲಿ' ಅಂತ ಚಿಕ್ಕದಾಗಿ ಕರೆದ ಮೇಲೆ ಮಾತ್ರ ಪೈಲಟ್ ಕೂಡ ಹಾಗೆ ಹೇಳ್ಕೋಬಹುದು. ನಮ್ಮ ಮನೆಗಳಲ್ಲೂ ಅಷ್ಟೇ ಅಲ್ವಾ? ಹೊಸಬರ ಮನೆಗೆ ಹೋಗಿ ನಾನು ಪುಟ್ಟಿ ಅಂತ ಪರಿಚಯ ಮಾಡ್ಕೊಳ್ಳಲ್ಲ.

ಈ ಪದ್ಧತಿ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1929ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಆರ್ಚಿ ಲೀಗ್ ಅನ್ನೋರು ಒಂದು ತಳ್ಳುಗಾಡಿಯಲ್ಲಿ ಕುರ್ಚಿ, ಕೊಡೆ, ಊಟದ ಡಬ್ಬಿ ಹಾಕ್ಕೊಂಡು ಮೈದಾನಕ್ಕೆ ಹೋಗ್ತಿದ್ರು. ಕೈಯಲ್ಲಿ ಎರಡು ಬಾವುಟ. ಒಂದು ತೋರಿಸಿದ್ರೆ ಹೋಗು, ಇನ್ನೊಂದು ತೋರಿಸಿದ್ರೆ ನಿಲ್ಲು. ಅಮೆರಿಕದ ಮೊದಲ ಏರ್ ಟ್ರಾಫಿಕ್ ಕಂಟ್ರೋಲರ್ ಅಂತ ಅವರನ್ನೇ ಕರೀತಾರೆ. ಬಾವುಟ ನೋಡಿ ಪೈಲಟ್ ವಾಪಸ್ ಏನೂ ಹೇಳೋಕಾಗಲ್ಲ. 1930ರಲ್ಲಿ ಕ್ಲೀವ್‌ಲ್ಯಾಂಡ್‌ನ ಟವರ್‌ಗೆ ರೇಡಿಯೋ ಬಂತು. 1935ರ ಕೊನೆಗೆ ನ್ಯೂಯಾರ್ಕ್ ಪಕ್ಕದ ನೆವಾರ್ಕ್‌ನಲ್ಲಿ ಏರ್‌ಲೈನ್ ಕಂಪನಿಗಳೇ ಸೇರಿ ದಾರಿ ಮಧ್ಯದ ವಿಮಾನಗಳ ಮೇಲೆ ಕಣ್ಣಿಡೋಕೆ ಒಂದು ಕೇಂದ್ರ ತೆರೆದರು. ಅಲ್ಲಿನ ಕಂಟ್ರೋಲರ್‌ಗಳಿಗೆ ಪೈಲಟ್ ಜೊತೆ ನೇರ ರೇಡಿಯೋ ಇರ್ಲಿಲ್ಲ. ಪೈಲಟ್ ತನ್ನ ಕಂಪನಿಯವರಿಗೆ ಹೇಳೋದು, ಅವರು ಫೋನ್‌ನಲ್ಲಿ ಕೇಂದ್ರಕ್ಕೆ ತಿಳಿಸೋದು. ಒಬ್ಬರು ಹೇಳಿದ್ದು ಇನ್ನೊಬ್ಬರ ಬಾಯಿ ದಾಟಿ ಮೂರನೆಯವರ ಕಿವಿಗೆ ಬೀಳೋದು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇದಕ್ಕೂ ಮೊದಲೇ, 1920ರ ದಶಕದ ಶುರುವಿನಲ್ಲಿ, ಲಂಡನ್‌ನ ಕ್ರಾಯ್ಡನ್ ವಿಮಾನ ನಿಲ್ದಾಣದಲ್ಲಿ ಫ್ರೆಡೆರಿಕ್ ಮಾಕ್‌ಫರ್ಡ್ ಅನ್ನೋ ರೇಡಿಯೋ ಅಧಿಕಾರಿಗೆ ಒಂದು ಕೆಲಸ ಬಂತು. ಅಪಾಯದಲ್ಲಿರೋ ಪೈಲಟ್ ಕೂಗೋಕೆ ಒಂದು ಪದ ಬೇಕು. ಹಡಗಿನವರ ಎಸ್‌ಒಎಸ್ ತಂತಿ ಸಂಕೇತಕ್ಕೆ ಸರಿ, ಆದ್ರೆ ಬಾಯಲ್ಲಿ ಹೇಳಿದ್ರೆ ಆ 'ಎಸ್' ರೇಡಿಯೋದಲ್ಲಿ ಸರಿಯಾಗಿ ಕೇಳಲ್ಲ. ಕ್ರಾಯ್ಡನ್‌ಗೆ ಬರೋ ಹೋಗೋ ವಿಮಾನಗಳಲ್ಲಿ ಹೆಚ್ಚಿನವು ಪ್ಯಾರಿಸ್‌ನವು. ಫ್ರೆಂಚ್‌ನಲ್ಲಿ 'ಸಹಾಯ ಮಾಡಿ' ಅನ್ನೋದರ ಸದ್ದಿಗೆ ಹತ್ತಿರವಾದ 'ಮೇಡೇ' ಪದವನ್ನ ಅವರು ಹಿಡಿದ್ರು. 1927ರಲ್ಲಿ ವಾಷಿಂಗ್ಟನ್‌ನ ರೇಡಿಯೋ ಸಮ್ಮೇಳನ ಅದನ್ನ ಜಗತ್ತಿಗೆಲ್ಲ ಒಪ್ಪಿತು. ಅಂದ್ರೆ ನಮ್ಮ ಕಥೆ ನಡೆಯೋ ಹೊತ್ತಿಗೆ ಆ ಪದಕ್ಕೆ ಅರವತ್ತು ವರ್ಷ ದಾಟಿತ್ತು. ಪೈಲಟ್‌ಗಳಿಗೆಲ್ಲ ಗೊತ್ತಿದ್ದ ಪದ ಅದು.

ಈಗ ಆ ರಾತ್ರಿಗೆ ಬರೋಣ.

ಕೊಲಂಬಿಯಾದ ಅವಿಯಾಂಕಾ ಕಂಪನಿಯ ಬೋಯಿಂಗ್ 707, ಫ್ಲೈಟ್ ನಂಬರ್ 52. ಬೊಗೋಟಾದಿಂದ ಹೊರಟು ಮೆಡೆಯೀನ್‌ನಲ್ಲಿ ನಿಂತು, ಮಧ್ಯಾಹ್ನ 3 ಗಂಟೆ ದಾಟಿದ ಮೇಲೆ ನ್ಯೂಯಾರ್ಕ್‌ನ ಕೆನಡಿ ನಿಲ್ದಾಣದ ಕಡೆ ಹಾರಿತು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಅವತ್ತು ಹವಾಮಾನ ತೀರಾ ಕೆಟ್ಟಿತ್ತು. ಮಂಜು, ಗಾಳಿ. ಇಳಿಯೋಕೆ ಕಾಯ್ತಿರೋ ವಿಮಾನಗಳು ಆಕಾಶದಲ್ಲಿ ಸಾಲುಗಟ್ಟಿದ್ದವು. ಆಕಾಶದಲ್ಲಿ ನಿಂತು ಕಾಯೋಕಾಗಲ್ಲ, ಒಂದೇ ಜಾಗದ ಮೇಲೆ ಗಿರಕಿ ಹೊಡೀತಾ ಇರಬೇಕು. ಇದಕ್ಕೆ ಹೋಲ್ಡಿಂಗ್ ಅಂತಾರೆ. ಅವಿಯಾಂಕಾ 52ಕ್ಕೆ ಮೂರು ಕಡೆ ಹೋಲ್ಡಿಂಗ್ ಕೊಟ್ರು. ಮೊದಲು 19 ನಿಮಿಷ, ಆಮೇಲೆ 29, ಮತ್ತೆ 29. ಒಟ್ಟು 77 ನಿಮಿಷ. ಅಷ್ಟೂ ಹೊತ್ತು ನಾಲ್ಕು ಎಂಜಿನ್‌ಗಳು ಇಂಧನ ಕುಡೀತಾನೇ ಇದ್ದವು.

ಕಾಕ್‌ಪಿಟ್‌ನಲ್ಲಿ ಮೂರು ಜನ. ಕ್ಯಾಪ್ಟನ್, ಕೋ-ಪೈಲಟ್, ಫ್ಲೈಟ್ ಎಂಜಿನಿಯರ್. ತಮ್ಮೊಳಗೆ ಸ್ಪ್ಯಾನಿಷ್, ರೇಡಿಯೋದಲ್ಲಿ ಇಂಗ್ಲಿಷ್. ರೇಡಿಯೋ ಮಾತೆಲ್ಲ ಕೋ-ಪೈಲಟ್‌ದೇ.

ರಾತ್ರಿ 8:44ಕ್ಕೆ ನ್ಯೂಯಾರ್ಕ್ ಸೆಂಟರ್‌ನ ಕಂಟ್ರೋಲರ್ ಇನ್ನೂ ಕಾಯಬೇಕು, 9:05ರ ಹೊತ್ತಿಗೆ ಮುಂದಿನ ಮಾತು ಅಂದ್ರು. ಆಗ ಕೋ-ಪೈಲಟ್ ಹೇಳಿದ್ದು, ನಮಗೆ 'ಪ್ರಯಾರಿಟಿ' ಬೇಕು ಅನ್ಸುತ್ತೆ ಅಂತ. ಎಷ್ಟು ಹೊತ್ತು ಕಾಯಬಲ್ಲಿರಿ ಅಂತ ಕೇಳಿದ್ರು. ಸುಮಾರು ಐದು ನಿಮಿಷ, ಅಷ್ಟೇ. ಇಲ್ಲಿ ಆಗದಿದ್ರೆ ಬದಲಿ ನಿಲ್ದಾಣ ಯಾವುದು? ಬಾಸ್ಟನ್ ಅಂದ್ಕೊಂಡಿದ್ವಿ, ಆದ್ರೆ ಈಗ ಅಲ್ಲಿಗೆ ಹೋಗೋಕಾಗಲ್ಲ, ಇಂಧನ ಮುಗೀತಿದೆ.

ನೋಡಿ, ಹೇಳಬೇಕಾದ್ದು ಹೆಚ್ಚೂ ಕಡಿಮೆ ಎಲ್ಲ ಇಲ್ಲಿದೆ. ಆದ್ರೆ ಕೇಳಿಸ್ಕೊಂಡ ಜಾಗದಲ್ಲಿ ಒಂದು ಎಡವಟ್ಟಾಯ್ತು. ಆ ಕಂಟ್ರೋಲರ್ ಪಕ್ಕದಲ್ಲೇ ಇನ್ನೊಬ್ಬರು ಕೂತಿದ್ರು. ವಿಮಾನವನ್ನ ಮುಂದಿನ ವಿಭಾಗಕ್ಕೆ ಒಪ್ಪಿಸೋದು ಅವರ ಕೆಲಸ. ಐದು ನಿಮಿಷದ ಮಾತು ಕಿವಿಗೆ ಬಿದ್ದ ತಕ್ಷಣ ಅವರು ಅಪ್ರೋಚ್‌ನವರಿಗೆ ಫೋನ್ ಮಾಡಿದ್ರು: ಅವಿಯಾಂಕಾ 52 ಇನ್ನು ಐದು ನಿಮಿಷ ಮಾತ್ರ ಕಾಯಬಲ್ಲದು, ತಗೊಳ್ತೀರಾ, ಇಲ್ಲಾ ಬದಲಿ ನಿಲ್ದಾಣಕ್ಕೆ ಕಳಿಸ್ಲಾ? ಅವರು ಫೋನ್‌ನಲ್ಲಿದ್ದ ಆ ಹೊತ್ತಲ್ಲೇ ಬಾಸ್ಟನ್ ಮಾತು, ಇಂಧನ ಮುಗೀತಿದೆ ಅನ್ನೋ ಮಾತು ರೇಡಿಯೋದಲ್ಲಿ ಹರಿದು ಹೋಯ್ತು. ಅದು ಅವರಿಗೆ ಕೇಳ್ಲೇ ಇಲ್ಲ. ಅಪ್ರೋಚ್‌ನವರು ಸರಿ ಕಳಿಸಿ ಅಂದ್ರು. ಅವರಿಗೆ ಗೊತ್ತಾಗಿದ್ದು ಇಷ್ಟೇ: ಈ ವಿಮಾನ ಜಾಸ್ತಿ ಹೊತ್ತು ಗಿರಕಿ ಹೊಡೆಯಲಾರದು. ಗಿರಕಿ ಬಿಡಿಸಿ ಸಾಲಿಗೆ ತಗೊಂಡ್ರು. ಅವರ ಮಟ್ಟಿಗೆ ಸಮಸ್ಯೆ ಮುಗೀತು.

ನೆವಾರ್ಕ್‌ನ ಫೋನ್ ನೆನಪಾಯ್ತಾ? ಐವತ್ತೈದು ವರ್ಷ ಕಳೆದಿತ್ತು, ರೇಡಾರ್ ಬಂದಿತ್ತು, ಕಂಪ್ಯೂಟರ್ ಬಂದಿತ್ತು. ಆದ್ರೂ ಒಬ್ಬರ ಸ್ಥಿತಿ ಇನ್ನೊಬ್ಬರಿಗೆ ತಲುಪ್ತಿದ್ದದ್ದು ಅರ್ಧ ಕೇಳಿಸ್ಕೊಂಡ ಮೂರನೆಯವರ ಬಾಯಿಂದಲೇ.

ಈ ಅರ್ಧವನ್ನ ಪೂರ್ತಿ ಮಾಡೋಕೆ ಒಂದು ಅವಕಾಶ ಇತ್ತು. 8:47ರ ಹೊತ್ತಿಗೆ ಕೋ-ಪೈಲಟ್ ಫ್ರೀಕ್ವೆನ್ಸಿ ಬದಲಿಸಿ ಅಪ್ರೋಚ್ ಜೊತೆ ಮೊದಲ ಸಲ ಮಾತಾಡಿದ್ರು. ಹೊಸ ಕಿವಿ. ಯಾರನ್ನ ಕರೀತಿದ್ದೀನಿ, ಹೇಳಿದ್ರು. ನಾನು ಯಾರು, ಹೇಳಿದ್ರು. ಇಂಧನದ ಸುದ್ದಿ ಇಲ್ಲ. ಪ್ರಯಾರಿಟಿ ಅನ್ನೋ ಪದವೂ ಇಲ್ಲ. ದಿನಾ ಬರೋ ಹೋಗೋ ವಿಮಾನದ ಹಾಗೆ ತಣ್ಣಗೆ ನಮಸ್ಕಾರ ಹೇಳಿದ ಹಾಗಿತ್ತು.

ಯಾಕೆ ಹೇಳ್ಲಿಲ್ಲ? ಆಗಲೇ ಹೇಳಿದ್ದೀವಿ, ಇವರಿಗೂ ಗೊತ್ತಿರುತ್ತೆ ಅಂದ್ಕೊಂಡಿರಬೇಕು ಅಂತ ನನ್ನ ಊಹೆ. ಕೋ-ಪೈಲಟ್ ಬದುಕಿ ಉಳೀಲಿಲ್ಲ, ಅವರನ್ನ ಕೇಳೋ ಹಾಗಿಲ್ಲ.

ಮುಂದೆ ಸ್ವಲ್ಪ ಹೊತ್ತಿಗೆ ಅಪ್ರೋಚ್ ಕಂಟ್ರೋಲರ್, ಮುಂದಿನ ವಿಮಾನಕ್ಕೂ ನಿಮಗೂ ಅಂತರ ಬೇಕು, ಒಂದು ಸುತ್ತು ತಿರುಗಿಸ್ತೀನಿ ಅಂದ್ರು. ಐದು ನಿಮಿಷಕ್ಕಿಂತ ಹೆಚ್ಚು ಕಾಯಲಾರೆ ಅಂದಿದ್ದ ವಿಮಾನಕ್ಕೆ ಇನ್ನೊಂದು ಗಿರಕಿ! ಕೋ-ಪೈಲಟ್ ಎದುರು ಮಾತಾಡದೆ ಆ ಸೂಚನೆಯನ್ನ ವಾಪಸ್ ಓದಿ ಒಪ್ಪಿದ್ರು. ತನಿಖೆಯ ದಾಖಲೆ ಓದುವಾಗ ಈ ಜಾಗದಲ್ಲಿ ನಾನು ಮೊಬೈಲ್ ಕೆಳಗಿಟ್ಟು ಸುಮ್ಮನೆ ಕೂತಿದ್ದೆ.

ಆಮೇಲೆ ಇನ್ನೊಬ್ಬ ಕಂಟ್ರೋಲರ್, ಮತ್ತೆ ಮೊದಲ ಕರೆ. 9:15ಕ್ಕೆ ಕೆನಡಿ ಟವರ್, ಮತ್ತೆ ಮೊದಲ ಕರೆ. ಎಲ್ಲೂ ಆ ಮಾತಿಲ್ಲ. 9:23ಕ್ಕೆ ರನ್‌ವೇ ಹತ್ರ ಬಂದ್ರೂ ಗಾಳಿಯ ಹೊಡೆತಕ್ಕೆ ವಿಮಾನ ತುಂಬ ಕೆಳಗಿಳಿದು, ರನ್‌ವೇ ಕಾಣದೆ ಮತ್ತೆ ಮೇಲಕ್ಕೇರಬೇಕಾಯ್ತು. ಆಗ ಕ್ಯಾಪ್ಟನ್ ಸ್ಪ್ಯಾನಿಷ್‌ನಲ್ಲಿ ಕೋ-ಪೈಲಟ್‌ಗೆ ಹೇಳಿದ್ದು ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಸ್ಪಷ್ಟವಾಗಿದೆ: ನಾವು ಎಮರ್ಜೆನ್ಸಿಯಲ್ಲಿದ್ದೀವಿ ಅಂತ ಅವರಿಗೆ ಹೇಳು. ಕೋ-ಪೈಲಟ್ ಟವರ್‌ಗೆ ಹೇಳಿದ್ದು ಬೇರೆ. ಮೊದಲು ಯಾವ ದಿಕ್ಕು ಅಂತ ಸೂಚನೆ ವಾಪಸ್ ಓದಿದ್ರು, ಇನ್ನೊಂದು ಸಲ ಪ್ರಯತ್ನ ಮಾಡ್ತೀವಿ ಅಂದ್ರು, ಕೊನೆಯಲ್ಲಿ ಇಂಧನ ಮುಗೀತಿದೆ ಅಂತ ಸೇರಿಸಿದ್ರು. ಹೇಳಿದ್ಯಾ ಅಂತ ಕ್ಯಾಪ್ಟನ್ ಕೇಳಿದಾಗ ಹೌದು ಸರ್, ಹೇಳಿದ್ದೀನಿ ಅಂದ್ರು.

'ಎಮರ್ಜೆನ್ಸಿ' ಅನ್ನೋ ಪದ ಮಾತ್ರ ರೇಡಿಯೋ ಮೇಲೆ ಹೋಗ್ಲೇ ಇಲ್ಲ.

ಟವರ್ ಅವರನ್ನ ಮತ್ತೆ ಅಪ್ರೋಚ್‌ಗೆ ಕಳಿಸಿತು. ಕೊನೆಯ ಮೊದಲ ಕರೆ ಇದು. ಇಳಿಯೋಕಾಗ್ಲಿಲ್ಲ, ಇಷ್ಟು ಎತ್ತರದಲ್ಲಿದ್ದೀವಿ, ಅಷ್ಟೇ. ಮೇಲಕ್ಕೇರಿ ಅಂತ ಉತ್ತರ ಬಂದ ಮೇಲೆ, ಎರಡನೇ ಮಾತಿನ ಬಾಲದಲ್ಲಿ ಇಂಧನ ಮುಗೀತಿದೆ ಸರ್ ಅಂತ ಬಂತು. ಕಂಟ್ರೋಲರ್ ಗಮನಿಸಲಿಲ್ಲ ಅನ್ನೋ ಹಾಗಿಲ್ಲ. 15 ಮೈಲಿ ಆ ಕಡೆ ಕರ್ಕೊಂಡು ಹೋಗಿ ತಿರುಗಿಸ್ತೀನಿ, ನಿಮ್ಮ ಇಂಧನಕ್ಕೆ ಅದು ಸರಿ ಹೋಗುತ್ತಾ ಅಂತ ಅವರೇ ಕೇಳಿದ್ರು. ಸರಿ ಹೋಗಬಹುದು ಅನ್ಸುತ್ತೆ, ತುಂಬ ಥ್ಯಾಂಕ್ಸ್ ಅಂತ ಉತ್ತರ ಹೋಯ್ತು.

ಅದೇ ಹೊತ್ತಿಗೆ ಕಾಕ್‌ಪಿಟ್‌ಗೆ ಬಂದ ಗಗನಸಖಿ ಏನಾಗ್ತಿದೆ ಅಂತ ಕೇಳಿದ್ರು. ಫ್ಲೈಟ್ ಎಂಜಿನಿಯರ್ ಖಾಲಿ ಮೀಟರ್ ಕಡೆ ಬೆರಳು ತೋರಿಸಿ, ಕತ್ತಿನ ಮೇಲೆ ಬೆರಳೆಳೆದು ತೋರಿಸಿದ್ರು. ಅವರು ಬದುಕಿ ಉಳಿದು ಇದನ್ನ ಹೇಳಿದ್ದಾರೆ.

9:32ಕ್ಕೆ ಎಂಜಿನ್‌ಗಳು ಒಂದೊಂದಾಗಿ ಆರಿದವು. ಎರಡು ಎಂಜಿನ್ ಹೋಯ್ತು, ಪ್ರಯಾರಿಟಿ ಬೇಕು, ಪ್ಲೀಸ್ ಅಂದ್ರು ಕೋ-ಪೈಲಟ್. ಆಗಲೂ ಪ್ರಯಾರಿಟಿ, ಆಗಲೂ ಪ್ಲೀಸ್. 9:34ಕ್ಕೆ ಲಾಂಗ್ ಐಲ್ಯಾಂಡ್‌ನ ಕೋವ್ ನೆಕ್ ಅನ್ನೋ ಊರಿನ ಮರಗಳಿರೋ ಗುಡ್ಡದ ಮೇಲೆ ವಿಮಾನ ಬಿತ್ತು. 73 ಜನ ಸತ್ರು, 85 ಜನ ಬದುಕಿದ್ರು. ಬೆಂಕಿ ಹತ್ಕೊಳ್ಲಿಲ್ಲ, ಹತ್ಕೊಳ್ಳೋಕೆ ಟ್ಯಾಂಕ್‌ನಲ್ಲಿ ಏನೂ ಇರ್ಲಿಲ್ಲ.

ಲೆಕ್ಕ ಹಾಕಿ ನೋಡಿ. 8:47ರಿಂದ 9:34, ಅಂದ್ರೆ 47 ನಿಮಿಷ. ಅಪ್ರೋಚ್ ಜೊತೆ ಮೊದಲ ಮಾತಾಡಿದ ಮೇಲೂ ಅಷ್ಟು ಹೊತ್ತು ಆ ವಿಮಾನ ಹಾರ್ತಾ ಇತ್ತು.

ಈ ಕಥೆಯನ್ನ ನಿಮ್ಮಲ್ಲಿ ಕೆಲವರು ಮಾಲ್ಕಂ ಗ್ಲಾಡ್‌ವೆಲ್ ಅವರ 'ಔಟ್‌ಲೈಯರ್ಸ್' ಪುಸ್ತಕದಲ್ಲಿ ಓದಿರ್ತೀರಿ. 2008ರಲ್ಲಿ ಬಂದ ಆ ಪುಸ್ತಕ ಇದಕ್ಕೆ ಸಂಸ್ಕೃತಿಯ ಕಾರಣ ಕೊಡುತ್ತೆ. ದೊಡ್ಡವರೆದುರು ತಗ್ಗಿ ಮಾತಾಡೋ ಸಮಾಜದಿಂದ ಬಂದವರು, ಗಡುಸು ದನಿಯ ನ್ಯೂಯಾರ್ಕ್ ಕಂಟ್ರೋಲರ್ ಎದುರು ಬಾಯಿ ಬಿಡ್ಲಿಲ್ಲ ಅನ್ನೋ ವಾದ. ಅದನ್ನ ಪೂರ್ತಿ ತಳ್ಳಿ ಹಾಕೋಕಾಗಲ್ಲ. ಕೊನೆಯ ನಿಮಿಷಗಳಲ್ಲಿ ಕಂಟ್ರೋಲರ್‌ಗೆ ಸಿಟ್ಟು ಬಂದಿದೆ ಅನ್ನೋ ಮಾತು ಕಾಕ್‌ಪಿಟ್‌ನಲ್ಲೇ ಬಂದಿದೆ. ನಮಗೂ ಗೊತ್ತಿರೋ ಸ್ವಭಾವ ಇದು. ಸರ್ಕಾರಿ ಕಚೇರಿ ಕಿಟಕಿ ಮುಂದೆ ನಿಂತು ಹೇಳಬೇಕಾದ್ದನ್ನ ನುಂಗಿದವರು ಎಷ್ಟು ಜನ ಇಲ್ಲ.

ಆದ್ರೆ ನನಗೆ ಆ ವಿವರಣೆ ಸಾಲಲ್ಲ. ಯಾಕಂದ್ರೆ ಕೋ-ಪೈಲಟ್ 8:44ಕ್ಕೆ ಬಾಯಿ ಬಿಟ್ಟಿದ್ರು. ಬಳಸಿದ ಪದ ಮಾತ್ರ ತಪ್ಪಾಗಿತ್ತು. 'ಪ್ರಯಾರಿಟಿ' ಅಂದ್ರೆ ಎಮರ್ಜೆನ್ಸಿ ಅಂತಲೇ ಅರ್ಥ, ಹಾಗೆಂದೇ ನಾವು ಕಲಿತದ್ದು ಅಂತ ಅವಿಯಾಂಕಾದ ಬೇರೆ ಪೈಲಟ್‌ಗಳು ತನಿಖೆಯಲ್ಲಿ ಹೇಳಿದ್ರು. ಅಮೆರಿಕದ ಕಂಟ್ರೋಲರ್‌ಗಳ ಕೈಪಿಡಿ ಪ್ರಕಾರ ಎದ್ದು ನಿಲ್ಲಬೇಕಾದ ಪದಗಳು ಮೇಡೇ, ಪ್ಯಾನ್-ಪ್ಯಾನ್, ಎಮರ್ಜೆನ್ಸಿ. ಪ್ರಯಾರಿಟಿ ಅದರಲ್ಲಿಲ್ಲ. ಇನ್ನು ಇಂಧನ ಕಡಿಮೆ ಅನ್ನೋದು? ಆ ರಾತ್ರಿ ಎಲ್ಲರಿಗೂ ಕಡಿಮೆಯೇ. ದೂರದಿಂದ ಬಂದ ಯಾವ ವಿಮಾನದಲ್ಲಿ ತುಂಬಿದ ಟ್ಯಾಂಕ್ ಇರುತ್ತೆ ಹೇಳಿ?

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1991ರ ವರದಿಯಲ್ಲಿ ಮುಖ್ಯ ಕಾರಣ ಅಂತ ಹೇಳಿದ್ದು ಪೈಲಟ್‌ಗಳ ಮೇಲೆಯೇ: ಇಂಧನ ಸರಿಯಾಗಿ ನಿಭಾಯಿಸಲಿಲ್ಲ, ಖಾಲಿಯಾಗೋ ಮುಂಚೆ ಎಮರ್ಜೆನ್ಸಿ ಅಂತ ತಿಳಿಸ್ಲಿಲ್ಲ. ಆದ್ರೆ ಅದೇ ವರದಿ ವಿಮಾನಗಳ ದಟ್ಟಣೆ ಸರಿಯಾಗಿ ನಿಭಾಯಿಸದ ಅಮೆರಿಕದ ವಿಮಾನಯಾನ ಆಡಳಿತವನ್ನೂ ಹೆಸರಿಸಿತು. ಇಂಧನ ಕಡಿಮೆ ಇದೆ ಅಂತ ಹೇಳೋಕೆ ಪೈಲಟ್‌ಗಳಿಗೂ ಕಂಟ್ರೋಲರ್‌ಗಳಿಗೂ ಒಂದೇ ಅರ್ಥ ಕೊಡೋ ಪದಗಳೇ ಇಲ್ಲ ಅಂತಲೂ ಹೇಳಿತು. ನನ್ನ ಪ್ರಕಾರ ವರದಿಯಲ್ಲಿ ತೂಕ ಇರೋ ಸಾಲು ಈ ಕೊನೆಯದು.

ಪದಗಳ ಕೆಲಸ ನಿಧಾನವಾಗಿ ನಡೀತು. ನಡುವೆ ನಮ್ಮ ದೇಶದಲ್ಲೇ ಒಂದು ದೊಡ್ಡ ದುರಂತ ಆಯ್ತು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ದೆಹಲಿಯಿಂದ ಹೊರಟ ಸೌದಿ ವಿಮಾನಕ್ಕೂ ದೆಹಲಿಗೆ ಬರ್ತಿದ್ದ ಕಜಕಿಸ್ತಾನದ ವಿಮಾನಕ್ಕೂ ಡಿಕ್ಕಿಯಾಗಿ 349 ಜನ ಸತ್ರು, ಒಬ್ಬರೂ ಉಳೀಲಿಲ್ಲ. 15,000 ಅಡಿಯಲ್ಲೇ ಇರಬೇಕಿದ್ದ ಕಜಕ್ ವಿಮಾನ ಅದಕ್ಕಿಂತ ಕೆಳಗಿಳಿದಿತ್ತು. ಅಲ್ಲೂ ರೇಡಿಯೋ ಇಂಗ್ಲಿಷ್‌ನ ಪ್ರಶ್ನೆ ಎದ್ದಿತು. ಅದಾದ ಮೇಲೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇದನ್ನ ಗಂಭೀರವಾಗಿ ತಗೊಂಡು, 2003ರಲ್ಲಿ ಪೈಲಟ್ ಮತ್ತು ಕಂಟ್ರೋಲರ್‌ಗಳಿಗೆ ಇಂಗ್ಲಿಷ್ ಪರೀಕ್ಷೆಯ ಮಟ್ಟ ಗೊತ್ತು ಮಾಡಿತು. ಆರು ಮೆಟ್ಟಿಲಲ್ಲಿ ಕನಿಷ್ಠ ನಾಲ್ಕನೆಯದು ಏರಬೇಕು. ನಮ್ಮಲ್ಲಿ ಪೈಲಟ್ ಆಗೋಕೆ ಹೊರಟ ಹುಡುಗ ಹುಡುಗಿಯರು ಇದರ ಜೊತೆಗೆ ಆರ್‌ಟಿಆರ್ ಅನ್ನೋ ರೇಡಿಯೋ ಪರೀಕ್ಷೆಗೂ ಕೂರ್ತಾರೆ. ಬಾಯಿಪಾಠ ಮಾಡ್ತಾ ಮನೆಯಲ್ಲಿ ಓಡಾಡೋವಾಗ ಅಕ್ಕಪಕ್ಕದವರು ಏನಂದ್ಕೊಳ್ತಾರೋ.

ಇಂಧನದ ಪದಗಳು 2012ರಲ್ಲಿ ಜಗತ್ತಿಗೆಲ್ಲ ಒಂದೇ ಆದವು. ಎರಡು ಹಂತ. 'ಮಿನಿಮಮ್ ಫ್ಯೂಯಲ್' ಅಂದ್ರೆ ಈಗ ಇನ್ಯಾವ ತಡವನ್ನೂ ತಡ್ಕೊಳ್ಳೋಕಾಗಲ್ಲ ಅಂತ ಎಚ್ಚರಿಕೆ, ಅಷ್ಟೇ. ಎಲ್ಲರನ್ನ ಬದಿಗೆ ಸರಿಸಿ ಅಂತಲ್ಲ. ಅದಕ್ಕೂ ಕೆಳಗೆ ಇಳಿದ್ರೆ, ಅಂದ್ರೆ ಮುಟ್ಟಲೇಬಾರದು ಅಂತ ಇಟ್ಟಿರೋ ಸುಮಾರು ಅರ್ಧ ಗಂಟೆಯ ಕೊನೆಯ ಮೀಸಲು ಇಂಧನಕ್ಕೇ ಕೈ ಹಾಕಬೇಕಾದ್ರೆ, 'ಮೇಡೇ ಮೇಡೇ ಮೇಡೇ ಫ್ಯೂಯಲ್'. ಕ್ರಾಯ್ಡನ್‌ನ ಹಳೇ ಪದಕ್ಕೆ ಒಂದು ಹೊಸ ಬಾಲ.

ಈ ಪದ ಹೇಳೋದು ಯಾವಾಗ? ಅಮೆರಿಕದ ಪೈಲಟ್‌ಗಳ ಅಧಿಕೃತ ಮಾರ್ಗದರ್ಶಿ ಜಾಗವನ್ನೂ ತೋರಿಸಿದೆ: ಮೊದಲ ಸಂಪರ್ಕದಲ್ಲಿ, ನಿಮ್ಮ ಹೆಸರು ಹೇಳಿದ ತಕ್ಷಣ, ಬೇರೆ ಎಲ್ಲದಕ್ಕಿಂತ ಮುಂಚೆ 'ಮಿನಿಮಮ್ ಫ್ಯೂಯಲ್'. ಇನ್ನು ಮೇಡೇ ಆದ್ರೆ ಆ ಕ್ರಮವೇ ತಲೆಕೆಳಗು. ಯಾರನ್ನ ಕರೀತಿದ್ದೀನಿ ಅನ್ನೋದಕ್ಕೂ ಮೊದಲು ಮೇಡೇ.

ಈ ಎಪಿಸೋಡ್ ರೆಕಾರ್ಡ್ ಮಾಡೋ ಮುಂಚೆ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ ಒಂದು ಸಲ ಗಟ್ಟಿಯಾಗಿ ಓದಿ ನೋಡ್ದೆ. 'ಮೇಡೇ ಮೇಡೇ ಮೇಡೇ, ನ್ಯೂಯಾರ್ಕ್ ಅಪ್ರೋಚ್, ಅವಿಯಾಂಕಾ ಜೀರೋ ಫೈವ್ ಟೂ ಹೆವಿ, ಫ್ಯೂಯಲ್.' ನಿಧಾನವಾಗಿಯೇ ಹೇಳಿದ್ದೆ. ಏಳು ಸೆಕೆಂಡ್ ಆಯ್ತು.